ಬರೀ ನಿಮಿಷ ಬರೀಬೇಡಿ, ಗುರುತೂ ಬರೀರಿ

ಮಾನ್ಯ ಸಂಪಾದಕರೇ,

ನಮಸ್ಕಾರ. ನಿಮ್ಮ ಭಾನುವಾರದ ಪುರವಣಿಯಲ್ಲಿ ಬರೋ ಅಡುಗೆ ಪುಟಾನ ನಾನು ತುಂಬಾ ವರ್ಷದಿಂದ ಕತ್ತರಿಸಿ ಫೈಲ್ ಮಾಡಿಟ್ಕೊಂಡು ಬಂದಿರೋಳು. ಆ ಪುಟದ ಮೇಲೆ ನಂಗೆ ಪ್ರೀತಿ ಇದೆ, ಅದಕ್ಕೇ ಇಷ್ಟು ಉದ್ದದ ಪತ್ರ ಬರೀತಿದೀನಿ, ಪೂರ್ತಿ ಹಾಕೋಕೆ ಜಾಗ ಇಲ್ದಿದ್ರೆ ಆ ಪುಟ ನೋಡ್ಕೊಳ್ಳೋರ ಕೈಗಾದ್ರೂ ದಯವಿಟ್ಟು ಕೊಡಿ.

ಕಳೆದ ಭಾನುವಾರ ಒಂದೇ ಪ್ಯಾನಲ್ಲಿ 20 ನಿಮಿಷಕ್ಕೆ ಆಗೋ ಕ್ರೀಮಿ ಹರ್ಬ್ ಚಿಕನ್, ಅಂದ್ರೆ ಘಮದ ಸೊಪ್ಪು ಹಾಕಿದ ಕ್ರೀಮ್ ಸಾಸಿನ ಚಿಕನ್, ಅಂತ ಒಂದು ರೆಸಿಪಿ ಬಂದಿತ್ತು. ಫೋಟೋ ತುಂಬಾ ಚೆನ್ನಾಗಿತ್ತು. ಬೇರೆ ಊರಲ್ಲಿ ಕೆಲಸದಲ್ಲಿರೋ ನನ್ನ ಮಗಳಿಗೆ ಅದನ್ನ ಕಳಿಸ್ದೆ, ಅವಳು ಇತ್ತೀಚೆಗೆ ತಾನೇ ಅಡುಗೆ ಶುರು ಮಾಡಿದಾಳೆ, ರಾತ್ರಿ ಕೆಲಸದಿಂದ ಬಂದು ಬೇಗ ಏನಾದ್ರೂ ಮಾಡ್ಕೊಂಡು ತಿನ್ಬೇಕು ಅನ್ನೋ ಹುಡುಗಿಗೆ ಇದಕ್ಕಿಂತ ಒಳ್ಳೇ ರೆಸಿಪಿ ಇನ್ಯಾವುದು ಅಂದ್ಕೊಂಡೆ. ಬುಧವಾರ ರಾತ್ರಿ ಒಂಬತ್ತೂವರೆಗೆ ಫೋನ್ ಬಂತು. "ಅಮ್ಮಾ, ಮೇಲೆ ಸೀದಿದೆ, ಒಳಗೆ ಹಸಿ ಇದೆ, ಸಾಸ್ ಹಾಲು ಒಡೆದ ಹಾಗೆ ಒಡೆದೋಯ್ತು, ನಾನು ಅದರಲ್ಲಿ ಬರೆದ ಹಾಗೇ ಮಾಡಿದೀನಿ" ಅಂದ್ಲು. ದನಿ ಕೇಳಿದ್ರೇ ಗೊತ್ತಾಗ್ತಿತ್ತು, ಅಳು ತಡ್ಕೊಂಡಿದ್ಲು. ನಾನು ಪುಟ ತೆಗೆದು ಒಂದೊಂದೇ ಸಾಲು ಓದಿ ಅವಳನ್ನ ಕೇಳ್ತಾ ಹೋದೆ. ಅವಳು ಸುಳ್ಳು ಹೇಳಿಲ್ಲ, ಬರೆದ ಹಾಗೇ ಮಾಡಿದಾಳೆ. ಒಂದೊಂದು ಕಡೆ 5 ನಿಮಿಷ ಅಂದಿದ್ರು, 5 ನಿಮಿಷ ಇಟ್ಟಿದಾಳೆ. ಕ್ರೀಮ್ ಅಥವಾ ಹಾಲು ಅಂತಿತ್ತು, ಹಾಲು ಇತ್ತು ಹಾಲು ಹಾಕಿದಾಳೆ. ನಿಂಬೆರಸ ಹಾಕಿ 5 ನಿಮಿಷ ಕುದಿಸಿ ಅಂತಿತ್ತು, ಕುದಿಸಿದಾಳೆ. ರೆಸಿಪಿ ಬರೆದೋರ ಅಡುಗೆಮನೇಲಿ ಅದು ಖಂಡಿತ ಚೆನ್ನಾಗಿ ಬಂದಿರುತ್ತೆ, ಆ ಬಗ್ಗೆ ನಂಗೆ ಅನುಮಾನ ಇಲ್ಲ, ಆದ್ರೆ ಅವರ ಕಣ್ಣಿಗೆ ಕಂಡಿದ್ದು, ಕಿವಿಗೆ ಕೇಳಿದ್ದು, ಕೈಗೆ ತಿಳಿದಿದ್ದು ಯಾವುದೂ ಕಾಗದದ ಮೇಲೆ ಬಂದಿಲ್ಲ, ಗಡಿಯಾರ ಒಂದೇ ಬಂದಿದೆ.

ನಾನು ಹೇಳೋಕೆ ಹೊರಟಿರೋದು ಇದೊಂದೇ, ಬರೀ ನಿಮಿಷ ಬರೀಬೇಡಿ, ಗುರುತೂ ಬರೀರಿ. ಯಾವಾಗ ಮಗುಚ್ಬೇಕು, ಯಾವಾಗ ತೆಗೀಬೇಕು, ಯಾವಾಗ ಉರಿ ಆರಿಸ್ಬೇಕು ಅನ್ನೋದನ್ನ ಪದಾರ್ಥಾನೇ ಹೇಳುತ್ತೆ, ಅದು ಹೇಳೋದನ್ನ ಓದುಗರಿಗೆ ತಿಳಿಸಿ.

ಮೊದಲು ದಪ್ಪದ ವಿಷಯ ತಗೊಳ್ಳಿ. ಚಿಕನ್ ಬ್ರೆಸ್ಟ್, ಅಂದ್ರೆ ಕೋಳಿಯ ಎದೆಮಾಂಸ, ಒಂದು ಕಡೆ 4 ಸೆಂಟಿಮೀಟರ್ ದಪ್ಪ ಇರುತ್ತೆ, ಇನ್ನೊಂದು ತುದಿ ಬೆರಳಿನಷ್ಟು ತೆಳು. ಇದನ್ನ ಹಾಗೇ ಇಡಿಯಾಗಿ ಪ್ಯಾನಿಗೆ ಹಾಕಿದ್ರೆ ತೆಳು ತುದಿ ಒಣಗಿ ನಾರಾಗೋ ಹೊತ್ತಿಗೂ ದಪ್ಪ ಭಾಗದ ನಡು ಹಸಿ ಇರುತ್ತೆ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ, ದಪ್ಪ ಎರಡರಷ್ಟಾದ್ರೆ ಬೇಯೋ ಸಮಯ ಎರಡರಷ್ಟು ಆಗಲ್ಲ, ಹೆಚ್ಚುಕಮ್ಮಿ ನಾಲ್ಕರಷ್ಟು ಆಗುತ್ತೆ, ಯಾಕಂದ್ರೆ ಬಿಸಿ ಹೊರಗಿನಿಂದ ಒಳಕ್ಕೆ ಪದರ ಪದರವಾಗಿ ದಾಟ್ಕೊಂಡು ಹೋಗ್ಬೇಕು. ಒಂದೂವರೆ ಸೆಂಟಿಮೀಟರ್ ಪೀಸಿಗೆ 3-4 ನಿಮಿಷ ಒಂದು ಕಡೆ ಸಾಕು ಅಂದ್ರೆ 3 ಸೆಂಟಿಮೀಟರ್ ಪೀಸಿಗೆ ಅದೇ ಲೆಕ್ಕ ಎಲ್ಲಿ ನಡೆಯುತ್ತೆ? ರೆಸಿಪೀಲಿ "2 ಚಿಕನ್ ಬ್ರೆಸ್ಟ್" ಅಂತ ಬರೆದ್ರೆ ಸಾಲಲ್ಲ. ಪ್ರತಿಯೊಂದನ್ನೂ ಅಡ್ಡಕ್ಕೆ, ಪುಸ್ತಕ ತೆರೆದ ಹಾಗೆ ಸೀಳಿ ಎರಡು ಹೋಳು ಮಾಡಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಹಾಕಿ ಲಟ್ಟಣಿಗೇಲಿ ಮೆಲ್ಲಗೆ ತಟ್ಟಿ ಎಲ್ಲಾ ಕಡೆ ಒಂದೂವರೆ ಸೆಂಟಿಮೀಟರ್ ಮಾಡ್ಕೊಳ್ಳಿ ಅಂತ ಇನ್ನೊಂದು ಸಾಲು ಬರೆದಿದ್ರೆ ನನ್ನ ಮಗಳ ಅರ್ಧ ಕಷ್ಟ ಅಲ್ಲೇ ಮುಗೀತಿತ್ತು. ಬೇಗ ಆಗೋ ಚಿಕನ್ ಅಂದ್ರೆ ಅದರ ಗುಟ್ಟೇ ಇದು, ಉರಿ ಜೋರು ಮಾಡೋದಲ್ಲ, ಪೀಸು ತೆಳು ಮಾಡೋದು.

ಆಮೇಲೆ ತೊಳೆಯೋದು. ನಿಮ್ಮ ರೆಸಿಪೀಲಿ ಮೊದಲ ಸಾಲೇ "ಚಿಕನ್ ಚೆನ್ನಾಗಿ ತೊಳೆದುಕೊಳ್ಳಿ" ಅಂತಿತ್ತು. ಇದು ನಮ್ಮೆಲ್ಲರ ಅಭ್ಯಾಸ, ನಾನೂ ಎಷ್ಟೋ ವರ್ಷ ಮಾಡಿದೀನಿ, ಆದ್ರೆ ಇವತ್ತು ಪತ್ರಿಕೇಲಿ ಇದನ್ನ ಬರೀಬಾರ್ದು ಅಂತ ನಾನು ಗಟ್ಟಿಯಾಗಿ ಹೇಳ್ತೀನಿ. ಹಸಿ ಕೋಳಿಮಾಂಸದ ಮೇಲೆ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾ ಇರಬಹುದು, ನಲ್ಲಿ ನೀರು ಬಿದ್ದು ಹಾರೋ ಹನಿಯಲ್ಲಿ ಅವು ಸಿಂಕು, ಪಕ್ಕದಲ್ಲಿರೋ ತಟ್ಟೆ, ಹಸಿಯಾಗೇ ತಿನ್ನೋ ಸೊಪ್ಪು ಎಲ್ಲದರ ಮೇಲೂ ಕೂರುತ್ತವೆ. ಬ್ರಿಟನ್ನಿನ ಆಹಾರ ಗುಣಮಟ್ಟದ ಸಂಸ್ಥೆ 2014ರಲ್ಲಿ ಹಸಿ ಚಿಕನ್ ತೊಳೀಬೇಡಿ ಅಂತಾನೇ ಪ್ರಚಾರ ಮಾಡಿತ್ತು, ಅಮೆರಿಕದ ಕೃಷಿ ಇಲಾಖೆ ಹೇಳೋದೂ ಅದನ್ನೇ. ಈ ಬ್ಯಾಕ್ಟೀರಿಯಾ ನೀರಿಗೆ ಸಾಯಲ್ಲ, ಬಿಸಿಗೆ ಸಾಯುತ್ತೆ. ಈ ಹರ್ಬ್ ಸಾಸ್ ಅಡುಗೇಲಂತೂ ಇನ್ನೊಂದು ಕಾರಣ ಇದೆ, ಸೊಪ್ಪನ್ನ ಕೊನೇಲಿ ಹಸಿಯಾಗೇ ಉದುರಿಸ್ತೀವಿ, ಅದು ಚಿಕನ್ ಕತ್ತರಿಸಿದ ಮಣೆ ಮೇಲೇ ಹೆಚ್ಚಿದ್ರೆ ಆಮೇಲೆ ಅದಕ್ಕೆ ಬೇಯೋ ಅವಕಾಶಾನೇ ಇರಲ್ಲ. ಸೊಪ್ಪು, ಬೆಳ್ಳುಳ್ಳಿ ಮೊದಲು ಹೆಚ್ಚಿ ಬೇರೆ ಬಟ್ಟಲಿಗೆ ತೆಗೆದಿಟ್ಟು, ಆಮೇಲೆ ಅದೇ ಮಣೇಲಿ ಚಿಕನ್ ಕತ್ತರಿಸಿ, ಮಣೆ ಚಾಕು ಕೈ ಮೂರನ್ನೂ ಸೋಪು ಹಾಕಿ ತೊಳೀರಿ. ಈ ಕ್ರಮಾನ ರೆಸಿಪೀಲೇ ಆ ವರಸೆಯಲ್ಲೇ ಬರೆದ್ರೆ ಯಾರೂ ಬೇರೆಯಾಗಿ ಬುದ್ಧಿ ಹೇಳಬೇಕಾಗಿಲ್ಲ.

ತೊಳೆಯೋ ಬದಲು ಮಾಡಬೇಕಾದ ಕೆಲಸ ಒಂದಿದೆ, ಒರೆಸೋದು. ಟಿಶ್ಯೂ ಪೇಪರಲ್ಲಿ ಎರಡೂ ಕಡೆ ಒತ್ತಿ ಒತ್ತಿ, ಪೇಪರ್ ಒದ್ದೆ ಆಗದೇ ಬರೋ ತನಕ ಒರೆಸಬೇಕು, ಆ ಪೇಪರ್ ನೇರ ಕಸದ ಬುಟ್ಟಿಗೆ. ಇದು ಯಾಕಷ್ಟು ಮುಖ್ಯ ಅಂದ್ರೆ, ನೀರು ಇರೋ ತನಕ ಆ ಜಾಗ 100 ಡಿಗ್ರಿ ದಾಟಲ್ಲ, ಆದ್ರೆ ಮಾಂಸ ಹೊಂಬಣ್ಣಕ್ಕೆ ತಿರುಗಿ ಘಮ ಬರೋಕೆ ಹತ್ತಿರ ಹತ್ತಿರ 140 ಡಿಗ್ರಿ ಬೇಕು. ಆ ಬಣ್ಣಕ್ಕೂ ಘಮಕ್ಕೂ ಕಾರಣವಾದ ಕ್ರಿಯೆಗೆ ಮೈಲಾರ್ಡ್ ಅಂತ ಹೆಸರು, ಫ್ರಾನ್ಸಿನ ಲೂಯಿ ಕಮಿಲ್ ಮೈಲಾರ್ಡ್ ಅನ್ನೋ ವಿಜ್ಞಾನಿ 1912ರಲ್ಲಿ ಅದನ್ನ ವಿವರಿಸಿದ್ರು, ಪ್ರೋಟೀನಿನ ಅಮೈನೋ ಆಮ್ಲಗಳೂ ಸಕ್ಕರೆ ಅಂಶವೂ ಬಿಸಿಯಲ್ಲಿ ಕೂಡಿ ನೂರಾರು ಹೊಸ ರುಚಿ ವಾಸನೆಗಳು ಹುಟ್ಟೋದು. ಇನ್ನು ನೀರಿನ ಲೆಕ್ಕ ನೋಡಿ, ಐಸಿನಷ್ಟು ತಣ್ಣಗಿರೋ ಒಂದು ಚಮಚ ನೀರು ಕುದಿಯೋ ಮಟ್ಟಕ್ಕೆ ಬರೋಕೆ ಎಷ್ಟು ಶಾಖ ಬೇಕೋ, ಅದು ಪೂರ್ತಿ ಆವಿಯಾಗಿ ಹೋಗೋಕೆ ಅದರ ಐದು ಪಟ್ಟಿಗಿಂತ ಹೆಚ್ಚು ಬೇಕು. ಒದ್ದೆ ಚಿಕನ್ ಹಾಕಿದ್ರೆ ಪ್ಯಾನಿನ ಶಾಖ ಎಲ್ಲಾ ಆ ನೀರನ್ನ ಆರಿಸೋದ್ರಲ್ಲೇ ಖರ್ಚಾಗುತ್ತೆ, ಅಷ್ಟು ಹೊತ್ತಿಗೆ ಚಿಕನ್ ಬೆಳ್ಳಗೆ ಬೆಂದು ಗಟ್ಟಿಯಾಗಿರುತ್ತೆ, ಬಣ್ಣ ಬಂದಿರಲ್ಲ. ಒಂದೇ ಸಲ ಎಲ್ಲಾ ಪೀಸೂ ತುಂಬಿದ್ರೂ ಇದೇ ಕಥೆ, ಪೀಸುಗಳ ಮಧ್ಯೆ ಆವಿ ಹೊರಗೆ ಹೋಗೋಕೆ ಒಂದೆರಡು ಬೆರಳು ಜಾಗ ಬೇಕು, ಇಲ್ಲಾಂದ್ರೆ ಎರಡು ಸಲಕ್ಕೆ ಮಾಡಿ.

ಉಪ್ಪಿಗೂ ಇದೇ ನೀರಿನ ಸಂಬಂಧ ಇದೆ. ಅರ್ಧ ಕೆಜಿ ಮಾಂಸಕ್ಕೆ ಒಂದು ಟೀ ಚಮಚಕ್ಕಿಂತ ಚೂರು ಕಡಿಮೆ ಪುಡಿಉಪ್ಪು, ಅಂದ್ರೆ 5 ಗ್ರಾಂ ಸುಮಾರು. ಉಪ್ಪು ಹಾಕಿದ ಸ್ವಲ್ಪ ಹೊತ್ತಿಗೆ ಮಾಂಸ ನೀರು ಬಿಡುತ್ತೆ, ಮುಕ್ಕಾಲು ಗಂಟೆ ಬಿಟ್ರೆ ಆ ಉಪ್ಪುನೀರು ವಾಪಸ್ ಒಳಗೆ ಹೋಗೋಕೆ ಶುರುವಾಗುತ್ತೆ. ಹಾಗಾಗಿ ಉಪ್ಪು ಒಂದೋ ಬೆಳಿಗ್ಗೇನೇ ಸವರಿ ಫ್ರಿಜ್ಜಲ್ಲಿಡಿ, ಇಲ್ಲಾ ಪ್ಯಾನಿಗೆ ಹಾಕೋ ಕ್ಷಣಕ್ಕೆ ಸರಿಯಾಗಿ ಹಾಕಿ. ಹತ್ತು ಹದಿನೈದು ನಿಮಿಷ ಮುಂಚೆ ಹಾಕಿ ಬಿಡೋದು ಎಲ್ಲಕ್ಕಿಂತ ಕೆಟ್ಟದ್ದು, ನೀರೆಲ್ಲಾ ಮೇಲೇ ನಿಂತಿರುತ್ತೆ, ಹಾಗೇನಾದ್ರೂ ಆದ್ರೆ ಮತ್ತೊಂದು ಸಲ ಒರೆಸಿ.

ಈಗ ಪ್ಯಾನ್. ಯಾವ ಪ್ಯಾನ್ ಅಂತ ನಿಮ್ಮ ರೆಸಿಪೀಲಿ ಇರಲೇ ಇಲ್ಲ. ನಾನ್‌ಸ್ಟಿಕ್ ಇದ್ರೆ ಅದರಲ್ಲೂ ಮಾಡಬಹುದು, ಆದ್ರೆ ಅದನ್ನ ಖಾಲಿ ಇಟ್ಟು ಜೋರು ಉರೀಲಿ ಕಾಯಿಸಬಾರ್ದು, 260 ಡಿಗ್ರಿ ದಾಟಿದ್ರೆ ಆ ಲೇಪನ ಕೆಡೋಕೆ ಶುರುವಾಗುತ್ತೆ. ಅದರಲ್ಲಿ ತಳಕ್ಕೆ ಏನೂ ಸರಿಯಾಗಿ ಹಿಡಿಯಲ್ಲ, ಹಿಡೀದೇ ಇದ್ರೆ ಸಾಸಿಗೆ ರುಚಿ ಕಡಿಮೆ. ದಪ್ಪ ತಳದ ಸ್ಟೀಲ್ ಅಥವಾ ಕಬ್ಬಿಣದ ಪ್ಯಾನ್ ಒಳ್ಳೇದು. ಸ್ಟೀಲ್ ಕಾದಿದೆಯೋ ಇಲ್ವೋ ಅಂತ ನೋಡೋಕೆ ಖಾಲಿ ಪ್ಯಾನಿಗೆ ಒಂದು ಹನಿ ನೀರು ಹಾಕಿ. ಹನಿ ಚುರ್ ಅಂದು ಅಲ್ಲೇ ಆವಿಯಾದ್ರೆ ಇನ್ನೂ ಕಾಯಬೇಕು, ಹನಿ ಮುತ್ತಿನ ಹಾಗೆ ದುಂಡಗಾಗಿ ಪ್ಯಾನ್ ತುಂಬಾ ಓಡಾಡಿದ್ರೆ ಕಾದಿದೆ ಅಂತ ಅರ್ಥ. ಹನಿ ಕೆಳಗೆ ಆವಿಯ ತೆಳು ಪದರ ಹುಟ್ಟಿ ಅದನ್ನ ಎತ್ತಿ ಹಿಡಿಯೋದ್ರಿಂದ ಹೀಗಾಗುತ್ತೆ, ಇದನ್ನ 1756ರಲ್ಲೇ ಜರ್ಮನಿಯ ಲೈಡನ್‌ಫ್ರಾಸ್ಟ್ ಅನ್ನೋ ವೈದ್ಯರು ಬರೆದಿಟ್ಟಿದ್ದಾರೆ. ಆಮೇಲೆ ಉರಿ ಸ್ವಲ್ಪ ಇಳಿಸಿ ಒಂದು ದೊಡ್ಡ ಚಮಚ ಎಣ್ಣೆ. ಬೆಣ್ಣೆ ಈಗಲೇ ಬೇಡ. ಎಣ್ಣೆ ಜೊತೆ ಬೆಣ್ಣೆ ಬೆರೆಸಿದ್ರೆ ಬೆಣ್ಣೆ ಸೀಯಲ್ಲ ಅಂತ ತುಂಬಾ ಜನ ಬರೀತಾರೆ, ಅದು ಸರಿಯಲ್ಲ, ಬೆಣ್ಣೆಯಲ್ಲಿರೋ ಹಾಲಿನ ಅಂಶ ಎಣ್ಣೆ ಜೊತೆಗಿದ್ರೂ ಅಷ್ಟೇ ಬಿಸಿಗೆ ಕಪ್ಪಾಗುತ್ತೆ. ಬೆಣ್ಣೆ ಸಾಸ್ ಹೊತ್ತಿಗೆ ಇರಲಿ.

ಚಿಕನ್ ಹಾಕಿದ ಕೂಡ್ಲೇ ಚುಂಯ್ ಅಂತ ಸದ್ದು ಬರಬೇಕು. ಈ ಸದ್ದನ್ನ ರೆಸಿಪೀಲಿ ಯಾಕೆ ಬರೆಯಲ್ಲ ಅಂತ ನಂಗೆ ಯಾವತ್ತೂ ಬೇಜಾರು. ಸದ್ದು ಬರ್ಲಿಲ್ಲ ಅಂದ್ರೆ ಪ್ಯಾನ್ ತಣ್ಣಗಿದೆ, ಆ ಪೀಸು ತಕ್ಷಣ ಎತ್ತಿ ಕಾಯಬೇಕು. ಸದ್ದು ಜೋರಾಗಿ ಚಟಪಟ ಸಿಡಿದ್ರೆ ನೀರು ಇದೆ. ಸದ್ದು ಮಧ್ಯದಲ್ಲಿ ಕುದಿಯೋ ಸದ್ದಿನ ಥರ ಬೊಳಬೊಳ ಅನ್ನೋಕೆ ಶುರುವಾದ್ರೆ ಚಿಕನ್ ತನ್ನ ನೀರಲ್ಲೇ ಬೇಯ್ತಿದೆ, ಉರಿ ಏರಿಸಬೇಕು. ಮತ್ತೆ ಮಗುಚೋ ಗುರುತು, ಇದು ಎಲ್ಲಕ್ಕಿಂತ ಸುಲಭ, ಇಕ್ಕಳದಲ್ಲಿ ಮೂಲೆ ಹಿಡಿದು ಎತ್ತಿದಾಗ ಅಂಟಿಕೊಂಡು ಎಳೆದ ಹಾಗಾದ್ರೆ ಇನ್ನೂ ಆಗಿಲ್ಲ ಅಂತ, ಕೈ ಬಿಡಿ. ಚೆನ್ನಾಗಿ ಹೊಂಬಣ್ಣ ಬಂದ ಮೇಲೆ ಅದು ತಾನಾಗೇ ತಳ ಬಿಟ್ಟು ಏಳುತ್ತೆ. ನನ್ನ ಮಗಳು 2 ನಿಮಿಷಕ್ಕೇ ಭಯ ಬಿದ್ದು ಕೆರೆದು ನೋಡಿದಾಳೆ, ಅರ್ಧ ಮಾಂಸ ಪ್ಯಾನಲ್ಲೇ ಉಳಿದು ಅದೇ ಸೀದಿದೆ.

ಹೀಗೆ ಜೋರು ಬಿಸೀಲಿ ಕೆಂಪಗೆ ಮಾಡಿದ್ರೆ ಒಳಗಿನ ರಸ ಸೀಲ್ ಆಗುತ್ತೆ ಅಂತಾನೂ ನಿಮ್ಮ ರೆಸಿಪೀಲಿ ಇತ್ತು. ಈ ಮಾತು 19ನೇ ಶತಮಾನದ ನಡುವಿನಲ್ಲಿ ಜಸ್ಟಸ್ ಫಾನ್ ಲೀಬಿಗ್ ಅನ್ನೋ ದೊಡ್ಡ ರಸಾಯನಶಾಸ್ತ್ರಜ್ಞರಿಂದ ಹರಡಿದ್ದು, ಅಷ್ಟು ದೊಡ್ಡವರು ಹೇಳಿದ್ರೂ ಅದು ತಪ್ಪು ಅಂತ ಆಮೇಲೆ ತೂಕ ಮಾಡಿ ನೋಡಿದೋರು ತೋರಿಸಿದಾರೆ. ಮೇಲಿನ ಕೆಂಪು ಪದರ ನೀರನ್ನ ತಡೆಯಲ್ಲ. ನೀವೇ ಗಮನಿಸಿ, ಕೆಂಪಗಾದ ಮೇಲೂ ಪ್ಯಾನಿನ ಸುಂಯ್ ಸದ್ದು ನಿಲ್ಲಲ್ಲ, ಆ ಸದ್ದೇ ಒಳಗಿನಿಂದ ಬಂದ ನೀರು ಆವಿ ಆಗೋದು. ರಸ ಉಳಿಯೋದು ಬಣ್ಣದಿಂದಲ್ಲ, ಎಷ್ಟು ಬಿಸಿಗೆ ತೆಗೆದ್ರಿ ಅನ್ನೋದ್ರಿಂದ. ಇದನ್ನ ತಪ್ಪು ಹೇಳಿಕೊಟ್ರೆ ಏನಾಗುತ್ತೆ ಅಂದ್ರೆ ಸೀಲ್ ಆಯ್ತಲ್ಲ ಇನ್ನೆಷ್ಟು ಹೊತ್ತು ಬೇಕಾದ್ರೂ ಬೇಯಿಸಬಹುದು ಅಂತ ಬಿಟ್ಟುಬಿಡ್ತಾರೆ.

ಎಷ್ಟು ಬಿಸಿ ಅನ್ನೋದಕ್ಕೆ ಲೆಕ್ಕ ಇದೆ. ಮಾಂಸದ ಪ್ರೋಟೀನುಗಳಲ್ಲಿ ಮಯೋಸಿನ್ ಅನ್ನೋದು 50 ಡಿಗ್ರಿ ಆಸುಪಾಸಿನಲ್ಲೇ ಗಟ್ಟಿಯಾಗೋಕೆ ಶುರುವಾಗುತ್ತೆ, ಆಕ್ಟಿನ್ ಅನ್ನೋದು 66ರಿಂದ 73 ಡಿಗ್ರಿ ಒಳಗೆ ಬಿಗಿಯಾಗುತ್ತೆ, ಅದು ಬಿಗಿಯಾದ ಮೇಲೆ ಬಟ್ಟೆ ಹಿಂಡಿದ ಹಾಗೆ ನೀರೆಲ್ಲಾ ಹೊರಗೆ. ಅಮೆರಿಕದ ಕೃಷಿ ಇಲಾಖೆ ಚಿಕನ್ನಿನ ನಡುಭಾಗ 74 ಡಿಗ್ರಿ ಮುಟ್ಟಬೇಕು ಅನ್ನುತ್ತೆ, ಬ್ರಿಟನ್ನಲ್ಲಿ 70 ಡಿಗ್ರೀಲಿ 2 ನಿಮಿಷ ನಿಂತ್ರೆ ಸಾಕು ಅಂತಾರೆ. ಎರಡೂ ಒಂದೇ ಮಾತಿನ ಎರಡು ರೂಪ, ಬ್ಯಾಕ್ಟೀರಿಯಾ ಸಾಯೋಕೆ ಬಿಸಿಯೂ ಬೇಕು ಅದರ ಜೊತೆ ಹೊತ್ತೂ ಲೆಕ್ಕಕ್ಕೆ ಬರುತ್ತೆ. ಮನೆಯವರಿಗೆ 74 ಅನ್ನೋದೇ ನೆನಪಿಟ್ಟುಕೊಳ್ಳೋಕೆ ಸುಲಭ. ಈ ರೆಸಿಪೀಲಿ ಚಿಕನ್ ಮತ್ತೆ ಬಿಸಿ ಸಾಸಿಗೆ ವಾಪಸ್ ಹೋಗುತ್ತೆ, ಹಾಗಾಗಿ 70ಕ್ಕೆ ತೆಗೆದು ತಟ್ಟೇಲಿಟ್ರೂ ಉಳಿದ 4 ಡಿಗ್ರಿ ಸಾಸಲ್ಲಿ ಸೇರುತ್ತೆ, ಒಂದು ಸಲ ಚುಚ್ಚಿ ನೋಡ್ಕೊಂಡ್ರೆ ಮುಗೀತು. ಚುಚ್ಚೋ ಥರ್ಮಾಮೀಟರ್ ಒಂದು ಇಟ್ಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳ್ತೀನಿ, ದಪ್ಪ ಭಾಗದ ಪಕ್ಕದಿಂದ ನಡುವಿಗೆ ಚುಚ್ಚಬೇಕು, ಮೇಲಿನಿಂದ ಚುಚ್ಚಿದ್ರೆ ತುದಿ ಪ್ಯಾನಿಗೆ ತಗುಲಿ ತಪ್ಪು ತೋರಿಸುತ್ತೆ. ಥರ್ಮಾಮೀಟರ್ ಇಲ್ದೋರು ದಪ್ಪ ಪೀಸೊಂದನ್ನ ನಡುವೆ ಕತ್ತರಿಸಿ ನೋಡಿ, ಗಾಜಿನ ಥರ ಹೊಳೆಯೋ ಹಸಿ ಭಾಗ ಇರಬಾರ್ದು, ಎಳೆ ಎಳೆಯಾಗಿ ಬಿಳಿ ಇರಬೇಕು, ಒತ್ತಿದ್ರೆ ಮೆತ್ತಗೆ ಕುಸಿಯದೆ ವಾಪಸ್ ಏಳಬೇಕು. ರಸದ ಬಣ್ಣ ಒಂದನ್ನೇ ನಂಬಬೇಡಿ, ಮೂಳೆ ಪಕ್ಕ ಪೂರ್ತಿ ಬೆಂದ್ಮೇಲೂ ಗುಲಾಬಿ ಬಣ್ಣ ಉಳಿಯೋದುಂಟು, ಹಾಗೇ ಬಿಳಿ ರಸ ಬಂದಿದ್ದೆಲ್ಲಾ ಬೆಂದಿದೆ ಅಂತಾನೂ ಅಲ್ಲ.

ತೊಡೆ ಮಾಂಸ ಆದ್ರೆ ಬೇರೆ ಲೆಕ್ಕ. ಅದರಲ್ಲಿ ಕೊಲಾಜೆನ್ ಅನ್ನೋ ಗಟ್ಟಿ ನಾರಿನಂಥ ಪ್ರೋಟೀನ್ ಜಾಸ್ತಿ, ಅದು ಕರಗಿ ಮೆತ್ತಗಾಗೋಕೆ 80 ಡಿಗ್ರಿ ದಾಟಿದ್ರೇ ಚೆನ್ನ, ಕೊಬ್ಬೂ ಇರೋದ್ರಿಂದ ಒಣಗಲ್ಲ. ಹೊಸದಾಗಿ ಕಲಿಯೋರಿಗೆ ನಾನು ಮೂಳೆ ತೆಗೆದ ತೊಡೆ ಪೀಸನ್ನೇ ಹೇಳ್ತೀನಿ, ಐದು ನಿಮಿಷ ಹೆಚ್ಚಾದ್ರೂ ಅದು ಕ್ಷಮಿಸುತ್ತೆ.

ಈಗ ಸಾಸ್. ಚಿಕನ್ ತೆಗೆದ ಮೇಲೆ ಪ್ಯಾನಿನ ತಳ ನೋಡಿ, ಕಂದು ಬಣ್ಣದ ಪದರ ಹಿಡಿದಿರುತ್ತೆ. ಅದು ಕೊಳೆ ಅಲ್ಲ, ಇಡೀ ಸಾಸಿನ ಜೀವ ಅದು. ಅಯ್ಯೋ ತಳ ಹಿಡೀತು ಅಂತ ನನ್ನ ಮಗಳು ಪ್ಯಾನನ್ನ ಸಿಂಕಿಗೆ ಹಾಕಿ ತಿಕ್ಕಿ ತೊಳೆದು ಮತ್ತೆ ಒಲೆ ಮೇಲಿಟ್ಟಿದಾಳೆ, ಇದನ್ನ ಕೇಳಿದಾಗ ನಂಗೆ ನಿಜವಾಗ್ಲೂ ಹೊಟ್ಟೆ ಉರೀತು, ಯಾಕಂದ್ರೆ ನಿಮ್ಮ ರೆಸಿಪೀಲಿ "ಅದೇ ಪ್ಯಾನಿಗೆ ಬೆಳ್ಳುಳ್ಳಿ ಹಾಕಿ" ಅಂತ ಮಾತ್ರ ಇತ್ತು, ತೊಳೀಬೇಡಿ ಅಂತ ಇರಲಿಲ್ಲ. ಕಂದು ಇದ್ರೆ ಅಮೃತ, ಕಪ್ಪಾಗಿದ್ರೆ ಮಾತ್ರ ಬಿಸಾಕಿ, ಕಪ್ಪು ಕಹಿ, ಅದು ಯಾವ ಕ್ರೀಮಿಗೂ ಮುಚ್ಚೋಕಾಗಲ್ಲ.

ಉರಿ ಸಣ್ಣ ಮಾಡಿ ಒಂದು ಚಮಚ ಬೆಣ್ಣೆ, ಅದು ಕರಗಿದ ಮೇಲೆ ಸಣ್ಣಗೆ ಹೆಚ್ಚಿದ ಮೂರು ನಾಲ್ಕು ಎಸಳು ಬೆಳ್ಳುಳ್ಳಿ, ಘಮ ಬಂದ ಕೂಡ್ಲೇ, ಅಂದ್ರೆ ಅರ್ಧ ನಿಮಿಷದೊಳಗೆ, ಒಂದು ಟೀ ಚಮಚ ಮೈದಾ ಉದುರಿಸಿ ಕೆದಕಿ ಹಸಿ ವಾಸನೆ ಹೋಗೋ ತನಕ ಬಿಡಿ. ಆಮೇಲೆ ಒಂದು ಲೋಟದಷ್ಟು, 150ರಿಂದ 200 ಎಂಎಲ್, ಚಿಕನ್ ಸ್ಟಾಕ್, ಅಂದ್ರೆ ಕೋಳಿ ಮೂಳೆ ಕುದಿಸಿ ಸೋಸಿದ ನೀರು, ಹಾಕಿ, ಇಲ್ದಿದ್ರೆ ಬಿಸಿನೀರೂ ಆಗುತ್ತೆ. ಹಾಕಿದ ಕೂಡ್ಲೇ ಬುಸ್ ಅಂತ ಆವಿ ಏಳುತ್ತೆ, ಆಗ ಮರದ ಸೌಟಲ್ಲಿ ತಳ ಕೆರೆದ್ರೆ ಆ ಕಂದು ಪದರ ಪೂರ್ತಿ ಬಿಟ್ಟು ಬಂದು ನೀರು ಕಾಫಿ ಬಣ್ಣಕ್ಕೆ ತಿರುಗುತ್ತೆ. ನಂಗೆ ಈ ಅಡುಗೇಲಿ ಅತಿ ಇಷ್ಟವಾದ ಕ್ಷಣ ಇದು, ಅಲ್ಲಿವರೆಗೆ ಬರೀ ಚಿಕನ್ ಬೇಯಿಸ್ತಿದ್ವಿ, ಆ ಆವಿ ಎದ್ದಾಗ ಅದು ಊಟ ಆಗುತ್ತೆ. ಗಟ್ಟಿ ಎಲೆಯ ಹರ್ಬ್ ಆದ ಥೈಮ್, ರೋಸ್ಮರಿ ಈಗಲೇ ಹಾಕಿ, ಅವು ಬಿಸಿ ತಡ್ಕೊಳ್ಳುತ್ತವೆ, ಅವುಗಳ ಎಣ್ಣೆ ಬಿಡೋಕೆ ಹೊತ್ತೂ ಬೇಕು. ಮೆತ್ತನೆ ಎಲೆಯ ಪಾರ್ಸ್ಲಿ, ಬೇಸಿಲ್, ಸಬ್ಬಸಿಗೆ, ಇವುಗಳ ವಾಸನೆ ಬಿಸಿಗೆ ಹಾರಿಹೋಗುತ್ತೆ, ಇವು ಒಲೆ ಆರಿಸಿದ ಮೇಲೆ. "ಹರ್ಬ್ಸ್ ಹಾಕಿ" ಅಂತ ಒಂದೇ ಸಾಲಲ್ಲಿ ಎಲ್ಲದನ್ನೂ ಸೇರಿಸಿಬಿಟ್ರೆ ಒಂದೋ ರೋಸ್ಮರಿ ಹುಲ್ಲಿನಂತೆ ಹಲ್ಲಿಗೆ ಸಿಗುತ್ತೆ, ಇಲ್ಲಾ ಪಾರ್ಸ್ಲಿ ಬಣ್ಣಗೆಟ್ಟು ಏನೂ ವಾಸನೆ ಇಲ್ದೇ ಇರುತ್ತೆ. ಒಣಗಿದ ಹರ್ಬ್ ಆದ್ರೆ ಹಸಿದರ ಮೂರನೇ ಒಂದು ಭಾಗ ಸಾಕು, ಅದನ್ನ ಸ್ಟಾಕ್ ಜೊತೇಲೇ ಹಾಕಿ.

ಸ್ಟಾಕ್ ಅರ್ಧಕ್ಕೆ ಇಂಗಿದ ಮೇಲೆ ಕ್ರೀಮ್, ಅರ್ಧ ಕಪ್. ಇಲ್ಲೇ ನೋಡಿ ನಿಮ್ಮ "ಕ್ರೀಮ್ ಅಥವಾ ಹಾಲು" ಅನ್ನೋ ಮಾತು ನನ್ನ ಮಗಳಿಗೆ ಕೈ ಕೊಟ್ಟಿದ್ದು. ಹಾಲಿನ ಕೇಸೀನ್ ಅನ್ನೋ ಪ್ರೋಟೀನ್ ಹುಳಿ ಸೇರಿದ್ರೆ ಗಂಟು ಕಟ್ಟುತ್ತೆ, ಬಿಸಿ ಜಾಸ್ತಿ ಇದ್ದಷ್ಟೂ ಬೇಗ ಕಟ್ಟುತ್ತೆ, ನಿಂಬೆ ಹಿಂಡಿ ಹಾಲು ಒಡೆಸೋದು ಎಲ್ಲರಿಗೂ ಗೊತ್ತಿರೋ ಕೆಲಸಾನೇ. ಹೆವಿ ಕ್ರೀಮಲ್ಲಿ ಕೊಬ್ಬು 36 ಪರ್ಸೆಂಟ್ ಆಸುಪಾಸು ಇರುತ್ತೆ, ಪ್ರೋಟೀನ್ ಕಡಿಮೆ, ಇರೋ ಪ್ರೋಟೀನೂ ಕೊಬ್ಬಿನ ಕಣಗಳನ್ನ ಸುತ್ತಿಕೊಂಡಿರುತ್ತೆ, ಹಾಗಾಗಿ ಅದು ಕುದಿಸಿದ್ರೂ, ಸ್ವಲ್ಪ ಹುಳಿ ಬಿದ್ರೂ ತಡೆಯುತ್ತೆ. 20-25 ಪರ್ಸೆಂಟಿನ ಕ್ರೀಮ್ ಆದ್ರೆ ಕುದಿ ಬರೋಕೆ ಬಿಡಬಾರ್ದು, ಅಂಚಿನಲ್ಲಿ ಸಣ್ಣ ಗುಳ್ಳೆ ಏಳೋ ಮಟ್ಟಕ್ಕೇ ನಿಲ್ಲಿಸಬೇಕು. ಹಾಲೇ ಗತಿ ಅಂದ್ರೆ ಒಂದು ಕಪ್ ತಣ್ಣನೆ ಹಾಲಿಗೆ ಎರಡು ಟೀ ಚಮಚ ಕಾರ್ನ್‌ಫ್ಲೋರ್ ಕದಡಿ ಹಾಕಿ, ಪಿಷ್ಟ ಪ್ರೋಟೀನುಗಳ ಮಧ್ಯೆ ಅಡ್ಡ ನಿಂತು ಗಂಟು ಕಟ್ಟೋದನ್ನ ತಡೆಯುತ್ತೆ, ಆಗ ನಿಂಬೆ ಪ್ಯಾನಿಗೆ ಬೇಡ, ತಟ್ಟೆಗೆ ಬಡಿಸಿದ ಮೇಲೆ ಹಿಂಡ್ಕೊಳ್ಳಿ. ಕ್ರೀಮ್ ಯಾವುದೇ ಆದ್ರೂ ಫ್ರಿಜ್ಜಿಂದ ನೇರ ಸುರಿಯದೆ ಸ್ವಲ್ಪ ಮುಂಚೆ ಹೊರಗಿಟ್ಟಿರಿ, ಪ್ಯಾನಿನ ಬಿಸಿ ಸಾಸ್ ಒಂದೆರಡು ಚಮಚ ಅದಕ್ಕೆ ಬೆರೆಸಿ ಆಮೇಲೆ ಹಾಕಿ. ಒಂದು ಟೀ ಚಮಚ ಸಾಸಿವೆ ಪೇಸ್ಟ್ ಹಾಕಿದ್ರೆ ಕೊಬ್ಬೂ ನೀರೂ ಬೇರೆ ಆಗದೆ ಕೂಡಿಕೊಂಡಿರುತ್ತೆ, ರುಚಿಗೂ ಒಳ್ಳೇದು.

ಸಾಸ್ ಆಯ್ತು ಅನ್ನೋ ಗುರುತು ಇದು, ಚಮಚ ಅದ್ದಿ ಎತ್ತಿ, ಚಮಚದ ಬೆನ್ನ ಮೇಲೆ ಬೆರಳಲ್ಲಿ ಗೆರೆ ಎಳೀರಿ, ಗೆರೆ ಕೂಡಿಕೊಳ್ಳದೆ ಹಾಗೇ ನಿಂತ್ರೆ ಆಯ್ತು. ತಟ್ಟೇಲಿ ತಣ್ಣಗಾಗ್ತಾ ಇನ್ನೂ ಗಟ್ಟಿಯಾಗುತ್ತೆ ಅನ್ನೋದು ನೆನಪಿರಲಿ, ಪ್ಯಾನಲ್ಲಿ ಚೂರು ತೆಳು ಅನಿಸೋವಾಗ್ಲೇ ನಿಲ್ಲಿಸಿ. ಆಗ ಚಿಕನ್ ವಾಪಸ್ ಹಾಕಿ, ತಟ್ಟೇಲಿ ಇಳಿದ ರಸಾನೂ ಬಿಡಬೇಡಿ, ಅದೂ ಒಳಗೆ ಹೋಗಲಿ, ಒಂದು ಕುದಿ ಬರೋ ಹಾಗಾಗಿ 74 ಡಿಗ್ರಿ ನೋಡ್ಕೊಂಡು ಒಲೆ ಆರಿಸಿ. ಆರಿಸಿದ ಮೇಲೆ ಮೆತ್ತನೆ ಸೊಪ್ಪು ಮೂರು ದೊಡ್ಡ ಚಮಚ, ನಿಂಬೆರಸ ಒಂದು ಚಮಚ, ಕಾಳುಮೆಣಸಿನ ಪುಡಿ, ಉಪ್ಪು ನೋಡಿ. ಉಪ್ಪು ಯಾವಾಗ್ಲೂ ಕೊನೇಲೇ ನೋಡಿ, ಸ್ಟಾಕ್ ಇಂಗಿದಂತೆ ಉಪ್ಪು ಏರಿರುತ್ತೆ.

ಒಡೆದ ಸಾಸ್ ಎಲ್ಲಾ ಒಂದೇ ಅಲ್ಲ, ಇದನ್ನೂ ಒಂದು ಸಾಲು ಹಾಕಬಹುದಿತ್ತು. ಎಣ್ಣೆ ಜಿಡ್ಡು ಮೇಲೆ ತೇಲ್ತಾ ಇದ್ರೆ ನೀರು ಜಾಸ್ತಿ ಇಂಗಿದೆ ಅಂತ, ಒಲೆ ಆರಿಸಿ ಒಂದೆರಡು ಚಮಚ ಬಿಸಿನೀರು ಹಾಕಿ ಜೋರಾಗಿ ಕದಡಿದ್ರೆ ಮತ್ತೆ ಕೂಡಿಕೊಳ್ಳುತ್ತೆ. ಮೊಸರಿನ ಗರಣೆ ಥರ ಬಿಳಿ ಕಾಳು ಕಂಡ್ರೆ ಪ್ರೋಟೀನ್ ಕಟ್ಟಿದೆ, ಅದು ಪೂರ್ತಿ ಸರಿ ಹೋಗಲ್ಲ, ಸೋಸಿ ಅಥವಾ ಮಿಕ್ಸೀಲಿ ತಿರುಗಿಸಿ ಒಂದು ಮಟ್ಟಕ್ಕೆ ತರಬಹುದು, ತಿನ್ನೋಕೆ ಏನೂ ತೊಂದರೆ ಇಲ್ಲ. ಅವತ್ತು ರಾತ್ರಿ ಮಗಳಿಗೆ ಇಷ್ಟು ಹೇಳಿದ್ಮೇಲೆ ಅವಳು ಚಿಕನ್ನನ್ನ ಸಣ್ಣ ಹೋಳು ಮಾಡಿ ಪೂರ್ತಿ ಬೇಯಿಸಿ, ಸಾಸ್ ಮಿಕ್ಸಿಗೆ ಹಾಕಿ, ಹತ್ತೂ ಕಾಲಿಗೆ ಊಟ ಮಾಡಿದ್ಲು.

20 ನಿಮಿಷದ ಬಗ್ಗೆಯೂ ಒಂದು ಮಾತು. ಬೆಳ್ಳುಳ್ಳಿ ಸುಲಿದು ಹೆಚ್ಚಿ, ಸೊಪ್ಪು ಬಿಡಿಸಿ, ಚಿಕನ್ ಸೀಳಿ ಒರೆಸಿ, ಮಣೆ ತೊಳೆಯೋಕೇ ಹೊಸಬರಿಗೆ 15 ನಿಮಿಷ ಬೇಕು, ಪ್ಯಾನ್ ಕಾಯೋಕೆ 3, ಚಿಕನ್ನಿಗೆ 8, ಸಾಸಿಗೆ 8-10. ಸೇರಿಸಿದ್ರೆ 35 ನಿಮಿಷ ಆಯ್ತು, ಎರಡು ಸಲಕ್ಕೆ ಹುರಿದ್ರೆ 40 ದಾಟುತ್ತೆ. ಇದೂ ಬೇಗಾನೇ, ದಣಿದು ಬಂದ ದಿನವೂ ಮಾಡೋ ಅಂಥದ್ದೇ. ಆದ್ರೆ 20 ಅಂತ ನಂಬ್ಕೊಂಡು ನಿಂತವರು ಇಪ್ಪತ್ತನೇ ನಿಮಿಷಕ್ಕೆ ಗಡಿಬಿಡಿ ಮಾಡಿ ಉರಿ ಜೋರು ಮಾಡ್ತಾರೆ, ನನ್ನ ಮಗಳು ಮಾಡಿದ್ದೂ ಅದೇ. ಹೆಡ್ಡಿಂಗಿಗೆ 20 ಚೆನ್ನಾಗಿ ಕಾಣುತ್ತೆ ಅನ್ನೋದು ನಂಗೆ ಅರ್ಥ ಆಗುತ್ತೆ, ಆದ್ರೂ ತಯಾರಿಗೆ ಎಷ್ಟು, ಒಲೆ ಮುಂದೆ ಎಷ್ಟು ಅಂತ ಬೇರೆ ಬೇರೆ ಬರೀರಿ, ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ಉಳಿದಿದ್ದನ್ನ ಏನು ಮಾಡಬೇಕು ಅನ್ನೋದು ನಿಮ್ಮ ಯಾವ ರೆಸಿಪೀಲೂ ಬರಲ್ಲ, ಒಬ್ಬರೇ ಇರೋರ ಮನೇಲಿ ಅರ್ಧ ಉಳಿದೇ ಉಳಿಯುತ್ತೆ. ಎರಡು ಗಂಟೆ ಒಳಗೆ ಫ್ರಿಜ್ಜಿಗೆ ಹೋಗಬೇಕು, 32 ಡಿಗ್ರಿ ಮೇಲಿನ ಸೆಕೆ ಇದ್ರೆ ಒಂದೇ ಗಂಟೆ, ಯಾಕಂದ್ರೆ 4ರಿಂದ 60 ಡಿಗ್ರಿ ಮಧ್ಯೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತೆ. ಆಳವಾದ ಡಬ್ಬಿಗಿಂತ ಅಗಲವಾದ ಡಬ್ಬೀಲಿ ಬೇಗ ತಣ್ಣಗಾಗುತ್ತೆ. ಮೂರ್ನಾಲ್ಕು ದಿನ ಇಡಬಹುದು. ಬಿಸಿ ಮಾಡೋವಾಗ ಒಂದು ಚಮಚ ನೀರು ಹಾಕಿ ಸಣ್ಣ ಉರೀಲಿ, ಮುಚ್ಚಿ, ನಡುವೆ ಮತ್ತೆ 74 ಬರೋ ತನಕ. ಇದೆಲ್ಲಾ ಎರಡೇ ಸಾಲಲ್ಲಿ ಹಿಡಿಸುತ್ತೆ, ಫೋಟೋ ಒಂದು ಇಂಚು ಚಿಕ್ಕದಾದ್ರೂ ಪರವಾಗಿಲ್ಲ.

ಶನಿವಾರ ಮಗಳು ಮತ್ತೆ ಮಾಡಿದಾಳೆ. ವಿಡಿಯೋ ಕಾಲ್ ಹಾಕಿ ಫೋನನ್ನ ಒಲೆ ಪಕ್ಕ ನಿಲ್ಲಿಸಿದ್ಲು, ನಾನು ಏನೂ ಹೇಳ್ಲಿಲ್ಲ, ಅವಳೇ "ಸದ್ದು ಕೇಳ್ತಿದೆಯಾ ಅಮ್ಮ, ಈಗ ತಳ ಬಿಡ್ತು ನೋಡು" ಅಂತ ಹೇಳ್ಕೊಂಡು ಹೇಳ್ಕೊಂಡು ಮಾಡಿದ್ಲು. ಗಡಿಯಾರ ಒಂದು ಸಲಾನೂ ನೋಡ್ಲಿಲ್ಲ.

ಮುಂದಿನ ಭಾನುವಾರ ಪ್ಯಾನಲ್ಲಿ ಹುರಿದ ಮೀನು ಅಂತ ಪುಟದ ಕೆಳಗೆ ಹಾಕಿದೀರಿ. ಇನ್ನೂ ಅಚ್ಚಿಗೆ ಹೋಗಿಲ್ಲ ಅಂದ್ರೆ ತುಂಡು ಎಷ್ಟು ದಪ್ಪ ಇರಬೇಕು, ಮಗುಚೋ ಮುಂಚೆ ಅಂಚು ಹೇಗೆ ಕಾಣಬೇಕು ಅನ್ನೋ ಎರಡು ಮಾತು ಸೇರಿಸೋಕೆ ದಯವಿಟ್ಟು ಹೇಳಿ, ಆ ಪುಟಾನೂ ನಾನು ಅವಳಿಗೆ ಕಳಿಸೋಳಿದೀನಿ.

ಇಂತಿ,
ನಿಮ್ಮ ಭಾನುವಾರದ ಪುಟದ ಓದುಗಳು